ಮೂರನೇ ಒಂದು ನೆಲ, ಮಿಕ್ಕಿದ್ದು ಆಕಾಶ

ಫೋಟೊ ಚೌಕಟ್ಟಿನ ಕೆಲವು ನಿಯಮಗಳು ಪುಸ್ತಕದಿಂದ ಬಂದವು, ಕೆಲವು ಮನೆಯ ಗೋಡೆಯಿಂದ. ಹವ್ಯಾಸಿ ಛಾಯಾಗ್ರಾಹಕ ಯಾವುದನ್ನು ಪಾಲಿಸಬೇಕು, ಯಾವುದನ್ನು ಯಾವಾಗ ಮುರಿಯಬೇಕು? ಗಡಿಯಾಚೆಯ ಕನ್ನಡದ ಊರು ಸೋನ್ಯಾಳದ ಬಯಲಲ್ಲಿ ನಿಂತು ಒಂದು ವಿಚಾರ.

ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ‘ಗ್ರಿಡ್’ ಎಂಬುದೊಂದು ಇರುತ್ತದೆ. ಅದನ್ನು ಒತ್ತಿದರೆ ಪರದೆಯ ಮೇಲೆ ಎರಡು ಅಡ್ಡಗೆರೆ, ಎರಡು ಉದ್ದಗೆರೆ ಮೂಡಿ ಚೌಕಟ್ಟು ಒಂಬತ್ತು ಮನೆಗಳಾಗುತ್ತದೆ. ಸಾಂಗಲಿ ಜಿಲ್ಲೆಯ ಪೂರ್ವಭಾಗದಲ್ಲಿ, ಕರ್ನಾಟಕದ ಗಡಿಗೆ ತಾಗಿಕೊಂಡಿರುವ ಜತ್ತ ತಾಲೂಕಿನ ಸೋನ್ಯಾಳದಂಥ ಊರಿನ ಹೊರಗೆ ಈ ಗೆರೆಗಳನ್ನು ತೆರೆದು ನಿಂತವರಿಗೆ ಮೊದಲ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ಹೊಲದಾಚೆ ಹೊಲ, ಬದುವಿನ ಮೇಲೆ ಒಂದೆರಡು ಬೇವು ಇಲ್ಲವೇ ಜಾಲಿ, ಅದರಾಚೆ ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ದಿಗಂತ. ಅದನ್ನು ಯಾವ ಗೆರೆಯ ಮೇಲೆ ಕೂರಿಸುವುದು?

ಪಾಠದ ಉತ್ತರ ಸಿದ್ಧವಾಗಿದೆ: ಕೆಳಗಿನ ಗೆರೆಯ ಮೇಲೆ, ಇಲ್ಲವೇ ಮೇಲಿನ ಗೆರೆಯ ಮೇಲೆ, ನಡುವೆ ಮಾತ್ರ ಬೇಡ. ಈ ಉತ್ತರ ಬಹುಪಾಲು ಸಲ ಸರಿಯೇ. ಆದರೆ ಅದು ಯಾಕೆ ಸರಿ ಎಂದು ತಿಳಿಯದೆ ಪಾಲಿಸಿದವರು, ಮುರಿಯಬೇಕಾದ ದಿನ ಬಂದಾಗ ಸುಮ್ಮನೆ ಮುರಿಯುತ್ತಾರೆ ಅಥವಾ ಮುರಿಯಲು ಹೆದರುತ್ತಾರೆ. ಎರಡರಿಂದಲೂ ಚಿತ್ರ ಕೆಡುತ್ತದೆ.

ಗೆರೆ ಎಳೆದವರು ಕ್ಯಾಮೆರಾ ಕಂಡಿರಲಿಲ್ಲ

‘ಮೂರನೇ ಒಂದರ ನಿಯಮ’ ಕ್ಯಾಮೆರಾಕ್ಕಿಂತ ಹಳೆಯದು. ಇಂಗ್ಲೆಂಡಿನ ಚಿತ್ರ ಕೆತ್ತನೆಗಾರ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಹಳ್ಳಿಗಾಡಿನ ದೃಶ್ಯಗಳ ಕುರಿತು ಬರೆದ ಪುಸ್ತಕದಲ್ಲಿ ಇದಕ್ಕೆ ಹೆಸರಿಟ್ಟ. ಚಿತ್ರಕಾರ ಜೋಶುವಾ ರೆನಾಲ್ಡ್ಸ್ 1783ರಲ್ಲಿ ಬೆಳಕು-ಕತ್ತಲೆಗಳ ಹಂಚಿಕೆಯ ಬಗ್ಗೆ ಹೇಳಿದ್ದನ್ನು ಹಿಡಿದುಕೊಂಡು ಸ್ಮಿತ್ ಅದನ್ನು ನೆಲ-ಆಕಾಶಗಳಿಗೂ ಚಾಚಿದ: ಆಕಾಶಕ್ಕೆ ಮೂರರಲ್ಲಿ ಎರಡು ಪಾಲು ಕೊಡು, ಇಲ್ಲವೇ ಒಂದು ಪಾಲು ಕೊಡು. ಡಾಗೆರ್‌ನ ಛಾಯಾಗ್ರಹಣ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ, ಅಂದರೆ 42 ವರ್ಷಗಳ ನಂತರ. ಇಂಗ್ಲೆಂಡಿನ ಹಸಿರು ಹಳ್ಳಿಗಳನ್ನು ಬರೆಯುವವರಿಗಾಗಿ ಹೊರಟ ಸಲಹೆ ಇಂದು ಜತ್ತದ ಒಣಬಯಲಲ್ಲಿ ಹಿಡಿದ ಮೊಬೈಲ್‌ನೊಳಗೆ ಬಂದು ಕೂತಿದೆ.

ಸಲಹೆಯ ಹಿಂದಿನ ಕಾರಣ ಸರಳ. ದಿಗಂತ ನಡುಮಧ್ಯೆ ಬಂದರೆ ನೆಲಕ್ಕೂ ಆಕಾಶಕ್ಕೂ ಸಮಪಾಲು ಸಿಗುತ್ತದೆ; ನೋಡುವವರಿಗೆ ಇದು ನೆಲದ ಚಿತ್ರವೋ ಆಕಾಶದ ಚಿತ್ರವೋ ಗೊತ್ತಾಗುವುದಿಲ್ಲ. ಒಂದಕ್ಕೆ ಹೆಚ್ಚು ಕೊಟ್ಟಾಗ ಯಾವುದು ಮುಖ್ಯ ಎಂದು ಛಾಯಾಗ್ರಾಹಕ ತೀರ್ಮಾನ ಮಾಡಿದಂತಾಗುತ್ತದೆ. ಮೂರನೇ ಒಂದು ಎಂಬ ಅಳತೆಗೆ ವಿಶೇಷ ಪಾವಿತ್ರ್ಯವೇನಿಲ್ಲ. ಕಲಾವಿದರು ಹೊಗಳುವ ಸುವರ್ಣ ಅನುಪಾತದಲ್ಲಿ ಗೆರೆ ಬೀಳುವುದು 0.618ರ ಜಾಗದಲ್ಲಿ, ಗ್ರಿಡ್‌ನಲ್ಲಿ 0.667ರ ಜಾಗದಲ್ಲಿ. ಹೊಲದಲ್ಲಿ ನಿಂತವರ ಕೈಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಪಕ್ಷಪಾತ ಇರಬೇಕು ಎಂಬುದೇ ನಿಯಮದ ತಿರುಳು.

ಹಾಗಿದ್ದರೆ ಪಕ್ಷಪಾತ ಇನ್ನೂ ಗಟ್ಟಿಯಾಗಿ ಬೇಕಾದಾಗ ಗೆರೆಯನ್ನು ದಾಟಬಹುದು. ಜತ್ತ ಮಳೆನೆರಳಿನ ನಾಡು. ನೈರುತ್ಯ ಮಾರುತಗಳ ಮಳೆಯ ದೊಡ್ಡ ಪಾಲು ಪಶ್ಚಿಮದ ಸಹ್ಯಾದ್ರಿಯಲ್ಲೇ ಸುರಿದು ಮುಗಿಯುತ್ತದೆ. ಜೂನ್, ಜುಲೈಯಲ್ಲಿ ಇಲ್ಲಿ ಮೋಡಗಳು ಬರುತ್ತವೆ, ಹೋಗುತ್ತವೆ. ಬಿತ್ತಬೇಕೋ ಬೇಡವೋ ಎಂದು ಮೇಲೆ ನೋಡುವ ಆ ದಿನಗಳಲ್ಲಿ ಚೌಕಟ್ಟಿನ ಹತ್ತರಲ್ಲಿ ಒಂಬತ್ತು ಪಾಲನ್ನು ಆಕಾಶಕ್ಕೇ ಬಿಟ್ಟು, ತಳದಲ್ಲಿ ತೆಳ್ಳಗೆ ನೆಲ, ಅದರ ಮೇಲೆ ಬೆರಳ ತುದಿಯಷ್ಟು ಒಬ್ಬ ಮನುಷ್ಯ — ಇಷ್ಟೇ ಸಾಕು. ‘ಮುನ್ನೆಲೆಯಲ್ಲಿ ಏನಾದರೂ ಇರಬೇಕು’, ‘ವಿಷಯ ಚೌಕಟ್ಟನ್ನು ತುಂಬಬೇಕು’ ಎಂಬ ಇನ್ನೆರಡು ನಿಯಮಗಳೂ ಇಲ್ಲಿ ಒಟ್ಟಿಗೇ ಮುರಿಯುತ್ತವೆ, ಖಾಲಿಯೇ ಇಲ್ಲಿನ ವಿಷಯವಾದ್ದರಿಂದ. ಇದಕ್ಕೆ ತಿರುಗುಮುರುಗಾದದ್ದು ಹಿಂಗಾರು ಜೋಳದ ಕಟಾವು ಮುಗಿದ ಮೇಲಿನ ಚಿತ್ರ. ಬಿರುಕು ಬಿಟ್ಟ ಎರಿ ನೆಲ, ಅದರಲ್ಲಿ ಉಳಿದ ಜೋಳದ ಕೂಳಿ. ಇಲ್ಲಿ ಆಕಾಶಕ್ಕೆ ಒಂದು ಪಾಲೂ ಬೇಡ.

ನಡುಮಧ್ಯದ ದಿಗಂತಕ್ಕೂ ಒಂದು ದಿನ ಬರುತ್ತದೆ. ಒಳ್ಳೆ ಮಳೆಯಾದ ವರ್ಷ ಕೆರೆ ತುಂಬಿ ನೀರು ಅಲುಗಾಡದೆ ನಿಂತಾಗ ಮೇಲಿನ ಆಕಾಶ, ಕೆಳಗಿನ ಆಕಾಶ ಎರಡೂ ಸಮ. ಆಗ ಸಮಪಾಲೇ ನ್ಯಾಯ.

ಕುರಿಯ ಮುಂದೆಷ್ಟು ಜಾಗ

ಈ ಸೀಮೆಯ ಹೆಸರನ್ನು ಹೊರಗಿನವರಿಗೆ ತಿಳಿಸಿದ್ದು ಮಾಡಗ್ಯಾಳ ಕುರಿ. ಉದ್ದ ಕಾಲು, ಜೋಲುಕಿವಿ, ಬಿಳಿಯ ಮೈಮೇಲೆ ಕಂದು ಮಚ್ಚೆ, ಎಲ್ಲಕ್ಕಿಂತ ಮಿಗಿಲಾಗಿ ಬಿಲ್ಲಿನಂತೆ ಉಬ್ಬಿದ ಮೂಗು. ಎದುರಿನಿಂದ ತೆಗೆದರೆ ಆ ಮೂಗಿನ ಬಾಗು ಕಾಣುವುದೇ ಇಲ್ಲ, ಮಗ್ಗುಲಿನಿಂದಲೇ ತೆಗೆಯಬೇಕು. ಮಗ್ಗುಲಿನಿಂದ ತೆಗೆದ ಕೂಡಲೇ ಇನ್ನೊಂದು ನಿಯಮ ಬರುತ್ತದೆ: ಮುಖ ಯಾವ ಕಡೆಗಿದೆಯೋ, ನಡಿಗೆ ಯಾವ ಕಡೆಗಿದೆಯೋ ಆ ಕಡೆ ಹೆಚ್ಚು ಜಾಗ ಬಿಡಬೇಕು. ನೋಡುವವರ ಕಣ್ಣು ಪ್ರಾಣಿಯ ದೃಷ್ಟಿಯನ್ನೇ ಹಿಂಬಾಲಿಸುತ್ತದೆ. ಮೂಗಿನ ಮುಂದೆಯೇ ಚೌಕಟ್ಟು ಮುಗಿದರೆ ಆ ಕಣ್ಣು ಮುಂದೆ ಹೋಗಲಾರದೆ ನಿಂತುಬಿಡುತ್ತದೆ.

ಇದರ ಜೊತೆ ಪಾಠಗಳು ಅಷ್ಟಾಗಿ ಒತ್ತಿ ಹೇಳದ, ಬಯಲು ಸೀಮೆಯಲ್ಲಿ ಮಾತ್ರ ದಿನವೂ ಕಾಡುವ ಒಂದು ಸಂಗತಿ ಇದೆ. ನಿಂತ ಎತ್ತರದಿಂದ ಕುರಿಯ ಚಿತ್ರ ತೆಗೆದರೆ ಅದರ ತಲೆ ನೆಲದ ಬಣ್ಣದೊಳಗೆ ಕರಗುತ್ತದೆ. ಸ್ವಲ್ಪ ಬಗ್ಗಿದರೆ ದಿಗಂತದ ಗೆರೆ ಸರಿಯಾಗಿ ಅದರ ಕುತ್ತಿಗೆಯನ್ನು ಕತ್ತರಿಸುತ್ತದೆ. ಮೊಣಕಾಲೂರಿ ಕೂತು ಕ್ಯಾಮೆರಾವನ್ನು ಕುರಿಯ ಎದೆಯ ಮಟ್ಟಕ್ಕೆ ಇಳಿಸಿದಾಗ ತಲೆ, ಮೂಗು, ಕಿವಿ ಎಲ್ಲವೂ ಆಕಾಶದ ಮುಂದೆ ಬಿಡಿಸಿಟ್ಟಂತೆ ನಿಲ್ಲುತ್ತವೆ. ಮನುಷ್ಯರ ಚಿತ್ರಕ್ಕೂ ಇದೇ ಮಾತು. ಪಟಗ ಸುತ್ತಿದ ಅಜ್ಜನ ಕಿವಿಯ ಹಿಂದೆ ದಿಗಂತ ಹಾದುಹೋಗದಂತೆ ಒಂದು ಗೇಣು ಮೇಲೆ ಕೆಳಗೆ ಆದರೆ ಸಾಕು.

ಮುಂದಿನ ಜಾಗದ ನಿಯಮವನ್ನು ಎಲ್ಲಿ ಮುರಿಯಬೇಕು? ಮೇವು, ನೀರು ಹುಡುಕಿ ಕುರಿಗಾರರು ಹಿಂಡು ಹೊಡೆದುಕೊಂಡು ಊರು ಬಿಡುವ ಚಿತ್ರ ತೆಗೆಯುವಾಗ. ಹಿಂಡು ಚೌಕಟ್ಟಿನ ಅಂಚಿಗೆ ತಾಗಿ ಹೊರಗೆ ಹೋಗುತ್ತಿರಲಿ. ಹಿಂದೆ ಧೂಳು, ತುಳಿದ ದಾರಿ, ಖಾಲಿ ದಡ್ಡಿ ಉಳಿಯಲಿ. ಮುಂದೆ ಜಾಗ ಬಿಟ್ಟರೆ ‘ಎಲ್ಲಿಗೋ ಹೊರಟಿದ್ದಾರೆ’ ಎನ್ನುತ್ತದೆ ಚಿತ್ರ. ಹಿಂದೆ ಬಿಟ್ಟರೆ ‘ಇಲ್ಲಿಂದ ಹೋದರು’ ಎನ್ನುತ್ತದೆ. ಯಾವ ಮಾತು ಬೇಕೋ ಅದಕ್ಕೆ ತಕ್ಕ ಜಾಗ.

ಗುಮ್ಮಟದ ಮುಂದೆ ಮಧ್ಯವೇ ಸರಿ

ಜತ್ತದ ಜನಕ್ಕೆ ವಿಜಯಪುರ ನೆರೆಯ ಊರು. 1656ರಲ್ಲಿ ಮುಗಿದ ಗೋಳಗುಮ್ಮಟದ ಮುಂದೆ ಫೋಟೊ ತೆಗೆಸಿಕೊಳ್ಳದವರು ಈ ಭಾಗದಲ್ಲಿ ವಿರಳ. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಎಂಟುಮೂಲೆಯ ಗೋಪುರ. ಕಟ್ಟಿದವರ ಲೆಕ್ಕವೇ ಎಡಬಲ ಸಮ ಎಂಬುದು. ಇದನ್ನು ಮೂರನೇ ಒಂದರ ಗೆರೆಗೆ ಸರಿಸಿದರೆ ಕಟ್ಟಡದ ವಾದವನ್ನೇ ಅಲ್ಲಗಳೆದಂತೆ. ನಟ್ಟನಡುವೆ ನಿಲ್ಲಬೇಕು, ಎರಡೂ ಕಡೆ ಒಂದೇ ಅಂತರ ಬರುವವರೆಗೆ ಹೆಜ್ಜೆ ಸರಿಸಬೇಕು. ಅರ್ಧಂಬರ್ಧ ಸಮಮಿತಿ ಕಣ್ಣಿಗೆ ಚುಚ್ಚುತ್ತದೆ.

ಹತ್ತಿರ ನಿಂತು ಫೋನನ್ನು ಮೇಲಕ್ಕೆ ವಾಲಿಸಿದರೆ ಗೋಪುರಗಳು ಒಳಕ್ಕೆ ಬಾಗುತ್ತವೆ. ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿ ಇಲ್ಲದಿದ್ದಾಗ ಮೇಲಿನ ಭಾಗ ದೂರವಾಗಿ ಸಣ್ಣದಾಗುವುದರಿಂದ ಹೀಗೆ. ಹಿಂದೆ ಸರಿದು ಫೋನನ್ನು ನೆಟ್ಟಗೆ ಹಿಡಿಯುವುದೇ ಪರಿಹಾರ. ಇದೇ ಗೋಡೆಗಳ ಮುಂದೆ 1855ರಲ್ಲಿ ಬಾಂಬೆ ಸರಕಾರ ನೇಮಿಸಿದ್ದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಕಾಗದದ ನೆಗೆಟಿವ್‌ಗಳನ್ನು ಬಳಸಿ ಚಿತ್ರ ತೆಗೆದ. ಅವನ ಕೆಲವು ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಬರಹದೊಂದಿಗೆ ಬಿಜಾಪುರದ ವಾಸ್ತುಶಿಲ್ಪದ ಸಂಪುಟದಲ್ಲಿ ಅಚ್ಚಾದವು. ದಾಖಲೆಯೇ ಅಲ್ಲಿ ಉದ್ದೇಶ. ಅಂಥ ಚಿತ್ರದಲ್ಲಿ ನೆಟ್ಟಗಿನ ಗೆರೆ ಬಾಗಿದರೆ ಮಾಹಿತಿಯೇ ತಪ್ಪಾಗುತ್ತದೆ. ಹವ್ಯಾಸಿಗೆ ಆ ಕಟ್ಟುಪಾಡಿಲ್ಲ. ಗುಮ್ಮಟದ ಎತ್ತರ ಕಂಡು ಎದೆ ನಡುಗಿದ್ದನ್ನೇ ತೋರಿಸಬೇಕಿದ್ದರೆ ಗೋಪುರದ ಬುಡಕ್ಕೆ ಹೋಗಿ ಫೋನನ್ನು ಪೂರ್ತಿ ಮೇಲಕ್ಕೆ ಎತ್ತಬಹುದು. ಗೋಪುರ ಆಕಾಶದೊಳಗೆ ಮೊನಚಾಗಲಿ, ಆಗ ಅದು ತಪ್ಪೆಂದು ಯಾರಿಗೂ ಅನ್ನಿಸುವುದಿಲ್ಲ.

ಜತ್ತ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಯ ಸನ್ನಿಧಿಯಲ್ಲಿ ಸವಾಲು ಬೇರೆ. ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ಕರ್ನಾಟಕದ ಕಡೆಯಿಂದ ಪಾದಯಾತ್ರಿಗಳ ಸಾಲು ಬರುತ್ತದೆ. ‘ಚೌಕಟ್ಟಿನಲ್ಲಿ ಒಂದೇ ವಿಷಯ ಇರಲಿ, ಮಿಕ್ಕಿದ್ದನ್ನು ಕಳೆ’ ಎಂಬ ನಿಯಮವನ್ನು ಅಲ್ಲಿ ಪಾಲಿಸಿದರೆ ಒಬ್ಬ ಭಕ್ತೆಯ ಮುಖ ಸಿಗುತ್ತದೆ, ಜಾತ್ರೆ ಸಿಗುವುದಿಲ್ಲ. ಗದ್ದಲದ ಚಿತ್ರಕ್ಕೂ ಶಿಸ್ತು ಇದೆ. ತಲೆಯ ಮೇಲೆ ತಲೆ ಬೀಳದಂತೆ, ಮುಖಗಳ ನಡುವೆ ಸಂದು ತೆರೆಯುವವರೆಗೆ ಕಾಯಬೇಕು. ಮುಂದೆ ಒಂದು, ನಡುವೆ ಒಂದು, ಹಿಂದೆ ಒಂದು ಎಂದು ಪದರಗಳು ಬಿಡಿಬಿಡಿಯಾಗಿ ಕಾಣಬೇಕು. ಛಾಯಾಗ್ರಾಹಕ ರಘುಬೀರ್ ಸಿಂಗ್ (1942–1999) ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಅಂಬಾಸಿಡರ್ ಕಾರಿನ ಬಾಗಿಲು, ಕಿಟಕಿ, ಕನ್ನಡಿಗಳ ಮೂಲಕ ಭಾರತವನ್ನು ನೋಡಿದ ಅವರ ಚಿತ್ರಗಳು 2002ರಲ್ಲಿ ಪುಸ್ತಕವಾದವು. ಕಾರಿನ ಕಬ್ಬಿಣ ಚಿತ್ರವನ್ನು ಅಡ್ಡಡ್ಡ ಸೀಳುತ್ತದೆ. ಪಾಠದ ಪ್ರಕಾರ ಅದು ಅಡಚಣೆ. ಅವರ ಕೈಯಲ್ಲಿ ಒಂದೇ ಚೌಕಟ್ಟಿನೊಳಗೆ ಮೂರು ನಾಲ್ಕು ಚೌಕಟ್ಟುಗಳಾಗಿ, ಒಂದೊಂದರಲ್ಲಿ ಒಂದೊಂದು ಬದುಕು ನಡೆಯುತ್ತದೆ.

ಗೋಡೆಯ ನಿಯಮ

ಇಷ್ಟು ಹೊತ್ತು ಹೇಳಿದ್ದು ಪುಸ್ತಕದ ನಿಯಮ. ಊರಿಗೆ ತನ್ನದೇ ನಿಯಮಗಳಿವೆ, ಅವು ಗ್ರಿಡ್‌ಗಿಂತ ಕಟ್ಟುನಿಟ್ಟು. ಪಡಸಾಲೆಯ ಗೋಡೆಯ ಮೇಲೆ ಸಾಲಾಗಿ ತೂಗಿದ ಫೋಟೊಗಳನ್ನು ನೋಡಿದರೆ ಅವು ತಿಳಿಯುತ್ತವೆ. ವ್ಯಕ್ತಿ ನಟ್ಟನಡುವೆ ಇರಬೇಕು. ಎರಡೂ ಕಣ್ಣು ಕ್ಯಾಮೆರಾವನ್ನು ನೋಡಬೇಕು. ಮುಖದ ಮೇಲೆ ನೆರಳು ಬೀಳಬಾರದು. ನಿಂತವರಾದರೆ ಪಾದದವರೆಗೆ ಬರಬೇಕು. ಮೊಮ್ಮಗ ಎದೆಯ ಮಟ್ಟಕ್ಕೆ ಕತ್ತರಿಸಿ, ಮುಖದ ಅರ್ಧ ನೆರಳಲ್ಲಿಟ್ಟು, ‘ಕಲಾತ್ಮಕ’ವಾಗಿ ತೆಗೆದ ಚಿತ್ರ ತೋರಿಸಿದರೆ ಅಜ್ಜಿ ಕೇಳುವುದು ಒಂದೇ: “ಯಾಕೋ ತಮ್ಮಾ, ನನ್ನ ಕಾಲ ಎಲ್ಲಿ ಬಿಟ್ಟಿ?”

ಇದನ್ನು ಅರಿಯದವರ ಮಾತು ಎಂದು ತಳ್ಳಿಹಾಕುವ ಹಾಗಿಲ್ಲ. ಬ್ರಿಟಿಷ್ ಮಾನವಶಾಸ್ತ್ರಜ್ಞ ಕ್ರಿಸ್ಟೊಫರ್ ಪಿನ್ನಿ ಮಧ್ಯಪ್ರದೇಶದ ನಾಗ್ದಾದ ಸ್ಟುಡಿಯೊಗಳನ್ನೂ ಅಲ್ಲಿನ ಹಳ್ಳಿಯನ್ನೂ ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥದೇ ಅಭಿರುಚಿಯನ್ನು ದಾಖಲಿಸಿದ್ದಾರೆ: ಪೂರ್ಣ ದೇಹ, ನೇರ ನೋಟ, ಎಡಬಲ ಸಮ. ಸ್ಟುಡಿಯೊಕ್ಕೆ ಹೋಗುವುದೇ ವರ್ಷಕ್ಕೋ ಬದುಕಿಗೋ ಒಮ್ಮೆಯಾಗಿದ್ದ ಕಾಲದಲ್ಲಿ ಒಂದು ಫೋಟೊ ಮನುಷ್ಯನ ಪೂರ್ತಿ ಸಾಕ್ಷಿಯಾಗಬೇಕಿತ್ತು. ತೀರಿಹೋದ ಮೇಲೆ ಹೂಮಾಲೆ ಬೀಳುವುದೂ ಅದಕ್ಕೇ. ಮಾಲೆ ಹಾಕುವ ಫೋಟೊ ಮಕ್ಕಳು ಮೊಮ್ಮಕ್ಕಳನ್ನು ನೆಟ್ಟಗೆ ನೋಡಬೇಕೇ ಹೊರತು ಎತ್ತಲೋ ನೋಡಬಾರದು.

ವೃತ್ತಪತ್ರಿಕೆಯ ಛಾಯಾಗ್ರಾಹಕರು ಕಟ್ಟಿದ ಪರಂಪರೆ ಇದಕ್ಕೆ ವಿರುದ್ಧ ದಿಕ್ಕಿನದು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯವನ್ನೇ ಹಿಡಿದವರು. ಅವರು ತೆಗೆದ ಭಾರತದ ಮಕ್ಕಳ ಚಿತ್ರಗಳು ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅಂಥ ಚಿತ್ರಗಳಲ್ಲಿ ಎದುರಿನವರು ಕ್ಯಾಮೆರಾವನ್ನು ಮರೆತು ತಮ್ಮ ಕೆಲಸದಲ್ಲಿ, ಆಟದಲ್ಲಿ ಇರುವುದೇ ಜೀವ. ಸೋನ್ಯಾಳದ ಹವ್ಯಾಸಿ ಈ ಎರಡು ಪರಂಪರೆಗಳ ನಡುವೆ ನಿಂತಿರುತ್ತಾನೆ. ಅಜ್ಜಿ ರೊಟ್ಟಿ ಬಡಿಯುವಾಗ ಕೇಳಿಯೇ ಫೋಟೊ ತೆಗೆದರೆ ಪುಸ್ತಕ ಮೆಚ್ಚುತ್ತದೆ. ಅವಳನ್ನು ಹೊಸ್ತಿಲ ಮುಂದೆ ನಿಲ್ಲಿಸಿ, ಸೆರಗು ಸರಿಮಾಡಿಕೊಳ್ಳಲು ಬಿಟ್ಟು ತೆಗೆದರೆ ಗೋಡೆ ಮೆಚ್ಚುತ್ತದೆ.

ಎರಡೂ ಒಪ್ಪುವ ಜಾಗವೂ ಇದೆ. ಕೈಕಾಲುಗಳನ್ನು ಕೀಲಿನಲ್ಲಿ ಕತ್ತರಿಸಬಾರದು ಎನ್ನುತ್ತದೆ ಪುಸ್ತಕ. ಮಣಿಕಟ್ಟು, ಮೊಣಕಾಲು, ಹರಡಿನ ಹತ್ತಿರ ಚೌಕಟ್ಟು ಮುಗಿದರೆ ಅಂಗವೇ ತುಂಡಾದಂತೆ ಕಾಣುತ್ತದೆ. ಕತ್ತರಿಸಲೇಬೇಕಾದರೆ ತೊಡೆಯ ನಡುವೆ, ಸೊಂಟದ ಮೇಲೆ ಕತ್ತರಿಸು. ಪಾದ ಮಾತ್ರ ಬಿಟ್ಟುಹೋದ ಫೋಟೊ ಎರಡೂ ಲೆಕ್ಕದಲ್ಲಿ ತಪ್ಪೇ. ಮದುವೆಯ ಗುಂಪು ಫೋಟೊದಲ್ಲಿ ಅಂಚಿನಲ್ಲಿ ನಿಂತ ಚಿಕ್ಕಪ್ಪನ ಮುಖ ಅಗಲವಾಗಿ ಎಳೆದಂತೆ ಬರುವುದೂ ಎಲ್ಲರಿಗೂ ಗೊತ್ತು. ಫೋನಿನ ಮುಖ್ಯ ಲೆನ್ಸ್ ವಿಶಾಲಕೋನದ್ದಾದ್ದರಿಂದ ಅಂಚಿನ ವಸ್ತುಗಳು ಹಿಗ್ಗುತ್ತವೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಎರಡು ಪಟ್ಟು ಜೂಮ್ ಮಾಡಿ, ಫೋನನ್ನು ಸೊಂಟದ ಮಟ್ಟಕ್ಕೆ ಇಳಿಸಿದರೆ ಕಾಲು ಗಿಡ್ಡವಾಗುವುದಿಲ್ಲ, ಮುಖ ಅಗಲವಾಗುವುದಿಲ್ಲ.

ನಡುಮಧ್ಯಾಹ್ನ ಮತ್ತು ವಾಲಿದ ದಿಗಂತ

ಬೆಳಿಗ್ಗೆ, ಸಂಜೆ ಮಾತ್ರ ತೆಗೆ, ನೆತ್ತಿಯ ಬಿಸಿಲಲ್ಲಿ ಕ್ಯಾಮೆರಾ ಮುಟ್ಟಬೇಡ ಎಂಬುದು ಇನ್ನೊಂದು ಕಟ್ಟಳೆ. ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದ ಈ ಪ್ರದೇಶದಲ್ಲಿ ಮೇ ಎರಡನೆಯ ವಾರ ಮತ್ತು ಆಗಸ್ಟ್ ಮೊದಲ ವಾರದ ಹೊತ್ತಿಗೆ ಸೂರ್ಯ ನೆಟ್ಟ ನೆತ್ತಿಗೇ ಬಂದು ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಆ ಬೆಳಕು ಕಣ್ಣುಗುಳಿಯನ್ನು ಕಪ್ಪು ಮಾಡುತ್ತದೆ, ಮುಖದ ಚಿತ್ರಕ್ಕೆ ಖಂಡಿತ ಆಗದು. ಆದರೆ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ಗೆ ಕಾದ ಕೊಡಗಳ ಸಾಲನ್ನು ಸಂಜೆಯ ಹೊಂಬಿಸಿಲಲ್ಲಿ ತೆಗೆದರೆ ಬರವೂ ಸುಂದರವಾಗಿಬಿಡುತ್ತದೆ. ಮಧ್ಯಾಹ್ನದ ಬಿಳಿಚು ಬಿಸಿಲು, ಕೊಡದ ಕೆಳಗೆ ಸಿಕ್ಕಿಕೊಂಡ ಗಿಡ್ಡ ಕಪ್ಪು ನೆರಳು ಅಲ್ಲಿನ ಸತ್ಯಕ್ಕೆ ಹತ್ತಿರ. ದ್ರಾಕ್ಷಿ ತೋಟದ ಸಾಲು, ಕಾಲುವೆಯ ದಂಡೆ ಮುಂತಾದ ‘ಕರೆದೊಯ್ಯುವ ಗೆರೆ’ಗಳಿಗೂ ಇದೇ ತರ್ಕ. ಗೆರೆಯ ಕೊನೆಯಲ್ಲಿ ನೋಡುವಂಥದ್ದು ಇರಬೇಕು ಎಂಬುದು ನಿಯಮ. ನೀರು ಬಾರದ ಕಾಲುವೆಯ ಗೆರೆ ಏನೂ ಇಲ್ಲದ ಕಡೆಗೆ ಹೋಗಿ ಮುಗಿದರೆ ಹೇಳಬೇಕಾದ್ದನ್ನೇ ಹೇಳಿತು.

ವಾಲಿದ ಚೌಕಟ್ಟಿನ ವಿಷಯದಲ್ಲಿ ಮಾತ್ರ ಬಯಲು ಸೀಮೆ ಯಾರನ್ನೂ ಕ್ಷಮಿಸುವುದಿಲ್ಲ. ಮಲೆನಾಡಿನ ಏರುಪೇರಿನಲ್ಲಿ ಎರಡು ಡಿಗ್ರಿ ವಾಲಿದ್ದು ಗೊತ್ತಾಗದು; ಇಲ್ಲಿ ದಿಗಂತವೇ ರಸಮಟ್ಟ. ಸ್ವಿಟ್ಜರ್ಲೆಂಡ್ ಮೂಲದ ರಾಬರ್ಟ್ ಫ್ರಾಂಕ್ ಅಮೆರಿಕ ಸುತ್ತಿ ತೆಗೆದ ಚಿತ್ರಗಳ ಪುಸ್ತಕ 1958ರಲ್ಲಿ ಪ್ಯಾರಿಸ್‌ನಲ್ಲಿ, 1959ರಲ್ಲಿ ಅಮೆರಿಕದಲ್ಲಿ ಬಂದಾಗ ವಾಲಿದ ದಿಗಂತ, ಮಸುಕು, ಕಾಳುಕಾಳಾದ ಮುದ್ರಣ ಎಂದು ವಿಮರ್ಶಕರು ಹೀಗಳೆದರು. ಇಂದು ಅದನ್ನು ಶತಮಾನದ ಮುಖ್ಯ ಛಾಯಾಚಿತ್ರ ಪುಸ್ತಕಗಳಲ್ಲಿ ಒಂದೆಂದು ಎಣಿಸುತ್ತಾರೆ. ಆದರೆ ಅವರು ಸುಮಾರು 28,000 ಚಿತ್ರ ತೆಗೆದು ಪುಸ್ತಕಕ್ಕೆ ಇಟ್ಟುಕೊಂಡದ್ದು 83 ಎಂಬುದನ್ನು ಮರೆಯಬಾರದು. ಶಿಸ್ತು ತೆಗೆಯುವಾಗ ಸಡಿಲವಾದರೆ ಆರಿಸುವಾಗ ಬಿಗಿಯಾಗಬೇಕು. ಓಟದ ಎತ್ತುಗಳ ಅಬ್ಬರಕ್ಕೆ ಚೌಕಟ್ಟು ವಾಲಿಸುವುದಾದರೆ ಕಣ್ಣಿಗೆ ಹೊಡೆಯುವಷ್ಟು ವಾಲಿಸಿ. ಸ್ವಲ್ಪವೇ ವಾಲಿದ್ದು ಕೈತಪ್ಪು ಎನಿಸಿಕೊಳ್ಳುತ್ತದೆ.

ನಿಯಮ ಹೇಳಿದ ದೊಡ್ಡವರೂ ಮುರಿದಿದ್ದಾರೆ. ತೆಗೆದ ಚಿತ್ರವನ್ನು ಆಮೇಲೆ ಕತ್ತರಿಸಬಾರದು ಎಂದು ಹಟ ಹಿಡಿದಿದ್ದ ಹೆನ್ರಿ ಕಾರ್ಟಿಯೆ-ಬ್ರೆಸಾನ್ ಅವರ ಅತಿ ಪ್ರಸಿದ್ಧ ಚಿತ್ರ, 1932ರಲ್ಲಿ ಪ್ಯಾರಿಸ್‌ನ ಸೇಂಟ್-ಲಜಾರ್ ರೈಲು ನಿಲ್ದಾಣದ ಹಿಂದೆ ನಿಂತ ನೀರಿನ ಮೇಲೆ ಜಿಗಿಯುವ ಮನುಷ್ಯನದು. ಹಲಗೆ ಬೇಲಿಯ ಸಂದಿನಿಂದ ತೆಗೆದದ್ದಾದ್ದರಿಂದ ಅಂಚಿಗೆ ಬಂದ ಹಲಗೆಯನ್ನು ಕತ್ತರಿಸಬೇಕಾಯಿತು. ಮುರಿಯಲು ಸ್ಪಷ್ಟ ಕಾರಣ ಇತ್ತು.

ಮುರಿಯಬಾರದ ನಿಯಮಗಳೂ ಇವೆ, ಅವನ್ನು ಸಂಯೋಜನೆಯ ನಿಯಮದೊಡನೆ ಕಲಸಬಾರದು. ಒಪ್ಪಿಗೆಯಿಲ್ಲದೆ ತೆಗೆಯಬಾರದ ಮುಖಗಳಿವೆ. 1971ರಲ್ಲಿ ಶುರುವಾದ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿ ಸಂಘಗಳ ಸ್ಪರ್ಧೆಗೆ ಚಿತ್ರ ಕಳಿಸುವುದಾದರೆ ಆಯಾ ವಿಭಾಗದ ಷರತ್ತುಗಳಿವೆ. ವನ್ಯಜೀವಿ ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸಿ, ಇದ್ದದ್ದನ್ನು ಅಳಿಸಿದರೆ ಅದು ಮೋಸ. ಅದಕ್ಕೆ ಕಲೆಯ ಹೆಸರು ಕೊಡಲಾಗದು.

ಹವ್ಯಾಸಿಯ ಅನುಕೂಲ ಇರುವುದು ಇಲ್ಲಿಯೇ. ಮದುವೆಯ ಛಾಯಾಗ್ರಾಹಕನಿಗೆ ಹಣ ಕೊಟ್ಟವರ ಮಾತು, ಪತ್ರಿಕೆಯವನಿಗೆ ಸಂಪಾದಕನ ಮಾತು ನಡೆಸಲೇಬೇಕು. ಹವ್ಯಾಸಿ ಒಂದೇ ಬೇವಿನ ಮರವನ್ನು ಗ್ರಿಡ್ ಹೇಳಿದಂತೆ ಒಮ್ಮೆ, ಅದಕ್ಕೆ ವಿರುದ್ಧವಾಗಿ ಒಮ್ಮೆ ತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಎರಡನೆಯದರಲ್ಲಿ ಮುರಿದದ್ದಕ್ಕೆ ಕಾರಣ ಬಾಯಲ್ಲಿ ಹೇಳಬೇಕಾಗಿ ಬಂದರೆ ಆ ಚಿತ್ರ ಸೋತಿತು. ಹೇಳದೆಯೇ ನೋಡಿದವರಿಗೆ ತಿಳಿದರೆ ಗೆದ್ದಿತು. ಆ ನೋಡುವವರು ಯಾರು ಎಂಬುದನ್ನು ಬಟನ್ ಒತ್ತುವ ಮೊದಲೇ ತೀರ್ಮಾನಿಸಬೇಕು. ಅಜ್ಜಿಯ ಫೋಟೊ ತೆಗೆಯುವವರು ಮೊದಲು ಪಾದದವರೆಗೆ, ನೇರವಾಗಿ, ನೆರಳಿಲ್ಲದೆ ಒಂದು ತೆಗೆದು ಅಚ್ಚು ಹಾಕಿಸಿ ಕೊಡಲಿ. ಅದು ಅವಳ ಪಾಲು. ಆಮೇಲೆ ನಿಯಮ ಮುರಿದು ಎಷ್ಟು ಬೇಕಾದರೂ ತೆಗೆಯಲು ಅವಳೇ ಬಿಡುತ್ತಾಳೆ.